ಬೀಗ ಭದ್ರ, ಕೀಲಿ ಬೀದಿಯಲ್ಲಿ!

ಕಾರಿನ ಇನ್ಫೋಟೈನ್‌ಮೆಂಟ್ ತಂತ್ರಾಂಶ ಬರೆಯುವ ಗೆಳೆಯ ಮೊನ್ನೆ ಬೀಗಿದ: "ಯಾರೂ ಡೀಕಂಪೈಲ್ ಮಾಡಿ ಓದಲಾಗದ ಹಾಗೆ ಕೋಡನ್ನೆಲ್ಲ ಗೋಜಲು ಮಾಡಿದ್ದೀವಿ, ಇನ್ನು ಭಯವಿಲ್ಲ."

ನನಗೆ ನಗು ಬಂತು ಸ್ವಾಮೀ. 2022ರಲ್ಲಿ ಹ್ಯುಂಡೈ ಅಯೋನಿಕ್ ಕಾರಿನ ಮಾಲೀಕನೊಬ್ಬ (ಅವನೂ ಪ್ರೋಗ್ರಾಮರ್ರೇ) ಅದರ ಅಪ್‌ಡೇಟ್ ಫೈಲ್ ಬಿಚ್ಚಿ ನೋಡಿದ. ಅದಕ್ಕೆ ಹಾಕಿದ್ದ ಎಇಎಸ್ ಕೀಲಿ, ಅಮೆರಿಕದ ಎನ್‌ಐಎಸ್‌ಟಿ ದಾಖಲೆಯಲ್ಲಿ ಉದಾಹರಣೆಗೆಂದು ಅಚ್ಚಾಗಿದ್ದದ್ದು! ಸಹಿ ಹಾಕುವ ಆರ್‌ಎಸ್‌ಎ ಗುಟ್ಟಿನ ಕೀಲಿಯೋ, ಗೂಗಲಿಸಿದರೆ ಯಾವುದೋ ಪಾಠದ ಪುಟದಲ್ಲೇ ಸಿಕ್ಕಿತು. ತಾನೇ ಬರೆದ ಆ್ಯಪನ್ನು ಕಾರಿಗೆ ಇಳಿಸಿಕೊಂಡ.

ಕೋಡ್ ಗೋಜಲಾಗಿದ್ದರೆ ಇದು ತಪ್ಪುತ್ತಿತ್ತೇ? ಓದುವುದು ನಾಲ್ಕು ದಿನ ತಡವಾಗುತ್ತಿತ್ತು, ಅಷ್ಟೆ. ನಕಲಿ ಅಪ್‌ಡೇಟನ್ನು ತಡೆಯುವುದು ಸಹಿಯ ಕೀಲಿ, ಕೋಡಿನ ಮುಸುಕಲ್ಲ.

"ನಿಮ್ಮ ಸಹಿಯ ಕೀಲಿ ಎಲ್ಲಿದೆಯೋ?" ಅಂತ ಕೇಳಿದೆ.

"ಟೀಮಿನ ಎಲ್ಲರ ಲ್ಯಾಪ್‌ಟಾಪಲ್ಲೂ ಇದೆಯಪ್ಪ" ಅಂದ...