ಸೋತು ಬಂದ ಮಗುವಿಗೆ ಏನು ಹೇಳುತ್ತೀರಿ?

ಉಪಜಿಲ್ಲಾ ಕ್ರೀಡಾಕೂಟ ಮುಗಿದ ಮರುದಿನ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಏನಾಗುತ್ತದೆ ಗಮನಿಸಿದ್ದೀರಾ? ಗೆದ್ದವರಿಗೆ ಅಸೆಂಬ್ಲಿಯಲ್ಲಿ ಚಪ್ಪಾಳೆ. ಸೋತವರಿಗೆ "ಸುಮ್ಮನೆ ಹೋಗಿ ಬಂದದ್ದಾ?" ಎಂಬ ಪ್ರಶ್ನೆ. ಮುಂದಿನ ವಾರ ಅಭ್ಯಾಸಕ್ಕೆ ಕರೆದರೆ ಸೋತವರಲ್ಲಿ ಹಲವರು ಬರುವುದಿಲ್ಲ. ಆಗ "ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ" ಎಂಬ ತೀರ್ಪು! ಆಸಕ್ತಿ ಇದ್ದುದರಿಂದಲೇ ಅಲ್ಲವೇ ಅವರು ಮೈದಾನಕ್ಕೆ ಇಳಿದದ್ದು? ಅದನ್ನು ಉಳಿಸುವುದು ತರಬೇತಿ ಕೊಡುವವರ ಮೊದಲ ಕೆಲಸ ಎಂಬುದು ನನ್ನ ಅಭಿಪ್ರಾಯ.

ಬಹುಮಾನದ ಆಸೆ ತೋರಿಸಿದರೆ ಸಾಕು ಎನ್ನುವವರಿದ್ದಾರೆ. 1973ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ "ಬಿಡಿಸಿದರೆ ಸರ್ಟಿಫಿಕೇಟ್" ಎಂದು ಮೊದಲೇ ಹೇಳಿದರು. ಕೆಲವು ದಿನ ಕಳೆದು ನೋಡಿದರೆ ಆ ಮಕ್ಕಳಿಗೇ ಚಿತ್ರದ ಮೇಲಿನ ಒಲವು ಕಡಿಮೆಯಾಗಿತ್ತು. ಗ್ರೇಸ್ ಮಾರ್ಕಿಗಾಗಿ ಮಾತ್ರ ಓಡುವ ಮಗು ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಓಟ ನಿಲ್ಲಿಸಿದರೆ ಆಶ್ಚರ್ಯವೇನು?

ಡೆಸಿ ಮತ್ತು ರಯಾನ್ ಎಂಬ ಮನಶ್ಶಾಸ್ತ್ರಜ್ಞರ ಪ್ರಕಾರ ಒಳಗಿನ ಹುರುಪು ಉಳಿಯಲು ಮೂರು ಸಂಗತಿ ಬೇಕು: ಇದು ನಾನೇ ಆರಿಸಿದ್ದು, ಇದು ನನ್ನಿಂದ ಆಗುತ್ತದೆ, ಇವರು ನನ್ನವರು ಎಂಬ ಭಾವನೆಗಳು. ಇದಕ್ಕೆ ಹಣ ಬೇಡ. ಇವತ್ತು ಸ್ಟಾರ್ಟ್ ಮೊದಲೋ, ಬ್ಯಾಟನ್ ಮೊದಲೋ ಎಂದು ಮಕ್ಕಳನ್ನೇ ಕೇಳಬಹುದು. ಪ್ರತಿಯೊಬ್ಬರ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಹೋದ ತಿಂಗಳು 200 ಮೀಟರಿಗೆ 36 ಸೆಕೆಂಡ್, ಈಗ 35 ಎಂದಾದರೆ, ಕೊನೆಯವನಾಗಿ ಬಂದ ಹುಡುಗನೂ ಒಂದು ಲೆಕ್ಕದಲ್ಲಿ ಗೆದ್ದಿದ್ದಾನೆ. "ನೀನು ಹುಲಿ" ಎನ್ನುವುದಕ್ಕಿಂತ "ತಿರುವಿನಲ್ಲಿ ಈ ಸಲ ವೇಗ ಇಳಿಯಲಿಲ್ಲ" ಎಂಬ ಮಾತು ಅವನಿಗೆ ಹೆಚ್ಚು ಉಪಯೋಗ.

ಮೂರನೆಯದು ಗಡಿನಾಡಿನಲ್ಲಿ ಬಹಳ ಮುಖ್ಯ. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ತರಬೇತಿ ಶಿಬಿರಕ್ಕೆ ಹೋದರೆ ಅಲ್ಲಿ ಎಲ್ಲವೂ ಮಲಯಾಳದಲ್ಲಿ. ಅರ್ಥವಾಗದ ಮಗು ತಲೆಯಾಡಿಸಿ ಹಿಂದಿನ ಸಾಲಿಗೆ ಸರಿಯುತ್ತದೆ. ಆ ಮಗು ಸೋಮಾರಿಯಲ್ಲ ಸ್ವಾಮಿ! ತರಬೇತುದಾರರು ಹತ್ತು ಕನ್ನಡ ಪದ ಕಲಿತರೆ, ಹೆಸರು ಹಿಡಿದು ಕರೆದರೆ, ಅದು ಮುಂದೆ ಬಂದು ನಿಲ್ಲುತ್ತದೆ. ಮೈದಾನದ ಮಲಯಾಳ ಪದಗಳನ್ನು ನಾವೂ ಮೊದಲೇ ಹೇಳಿಕೊಟ್ಟು ಕಳಿಸೋಣ.

ಕೇರಳದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಕಣ್ಣೂರಿನ ಕ್ರೀಡಾ ಶಾಲೆಯ ದಿನಗಳಿಂದ ಅವರನ್ನು ಬೆಳೆಸಿದ್ದ ಒ.ಎಂ. ನಂಬಿಯಾರ್ ಆ ಸೋಲಿನ ನಂತರವೂ ಜೊತೆಗಿದ್ದರು. ಮರುವರ್ಷ ಜಕಾರ್ತದ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ ಉಷಾ ಐದು ಚಿನ್ನ ಗೆದ್ದರು. ಅದೇ 1985ರ ದ್ರೋಣಾಚಾರ್ಯ ಪ್ರಶಸ್ತಿ ನಂಬಿಯಾರರಿಗೆ ಸಂದಿತು.

ನಮ್ಮ ಮಕ್ಕಳೆಲ್ಲ ಉಷಾ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಆದರೆ ಸೋತ ಮರುದಿನವೂ ಮೈದಾನಕ್ಕೆ ಬರಬೇಕಲ್ಲ? ಮುಂದಿನ ಪಿಟಿಎ ಸಭೆಯಲ್ಲಿ ಎಷ್ಟು ಕಪ್ ಬಂತು ಎಂದು ಕೇಳುವ ಮೊದಲು, ಜೂನ್‌ನಲ್ಲಿ ಅಭ್ಯಾಸಕ್ಕೆ ಬಂದ ಮಕ್ಕಳಲ್ಲಿ ಎಷ್ಟು ಮಂದಿ ಈಗಲೂ ಬರುತ್ತಿದ್ದಾರೆ ಎಂದು ಕೇಳಿ ನೋಡಿ. ನೀವೇನಂತೀರಿ?