ಶಾಲು ಹೊದಿಸುವ ಮುನ್ನ

ಸೆಪ್ಟೆಂಬರ್ ತಿಂಗಳು ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸಂಭ್ರಮ. ಗುರುಗಳನ್ನು ಗೌರವಿಸುವುದು ನಮಗೆ ಹೊಸತೇನೂ ಅಲ್ಲ. ಡಾ. ಎಸ್. ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ಅವರ ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಅಲಂಕರಿಸಿ, ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣದವರೆಗೆ ಕರೆದೊಯ್ದ ಸಂಗತಿಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಅಂದು ಆ ಸಾರೋಟನ್ನು ಎಳೆದವರು ಆಡಳಿತ ಮಂಡಳಿಯವರಲ್ಲ, ಪಾಠ ಕೇಳಿದವರು ಎಂಬುದನ್ನು ಓದುಗ ಬಂಧುಗಳು ಗಮನದಲ್ಲಿಡಬೇಕಾಗಿ ವಿನಂತಿ.

ಕಳೆದ ವರ್ಷ ಇಂಥದೊಂದು ಸಮಾರಂಭಕ್ಕೆ ನಮಗೂ ಆಹ್ವಾನವಿತ್ತು. ಆಧುನಿಕ ತಂತ್ರಜ್ಞಾನವನ್ನು ಬೋಧನೆಯಲ್ಲಿ ಸಮರ್ಥವಾಗಿ ಅಳವಡಿಸಿಕೊಂಡಿದ್ದಾರೆಂದು ಪ್ರಾಧ್ಯಾಪಕರೊಬ್ಬರನ್ನು ವೇದಿಕೆಯ ಮೇಲೆ ಸನ್ಮಾನಿಸಲಾಯಿತು. ನಾವೂ ಚಪ್ಪಾಳೆ ತಟ್ಟಿದೆವು. ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿರುವ ನಮ್ಮ ತಮ್ಮನ ಮಗಳು ಪಕ್ಕದಲ್ಲಿ ಕುಳಿತವಳು ಮಾತ್ರ ಕೈ ಎತ್ತಲಿಲ್ಲ. ಕಾರಣ ಕೇಳಿದರೆ, "ಸರ್ ಪರದೆ ಮ್ಯಾಲಿಂದು ಓದ್ತಾರ ದೊಡ್ಡಪ್ಪ, ನಾವು ಬರಕೋತೀವಿ, ಅಷ್ಟ" ಎಂದಳು. ಹಿಂದೆ ಹಳದಿಗಟ್ಟಿದ ಟಿಪ್ಪಣಿ ಪುಸ್ತಕವನ್ನು ನೋಡಿ ಓದುತ್ತಿದ್ದರು. ಈಗ ಗೋಡೆಯನ್ನು ನೋಡಿ ಓದುತ್ತಾರೆ. ವಿದ್ಯುತ್ ಖರ್ಚು ಹೆಚ್ಚಾದದ್ದನ್ನು ಬಿಟ್ಟರೆ ಇದರಲ್ಲಿ ಆದ ಪ್ರಗತಿ ಏನೆಂಬುದು ನಮಗಂತೂ ತಿಳಿಯಲಿಲ್ಲ.

ಊರಿಗೆ ಮರಳುವಾಗ ದಾರಿಯುದ್ದಕ್ಕೂ ಆಕೆ ಹೇಳಿದ್ದು ಬೇರೊಬ್ಬರ ವಿಷಯವನ್ನು. ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯೊಬ್ಬರು ಒಂದು ದಿನ ತಮ್ಮ ಮೊಬೈಲ್ ಫೋನನ್ನು ಬಟ್ಟೆಯ ಚೀಲದಲ್ಲಿಟ್ಟು, ಒಂದು ಮೀಟರ್ ಉದ್ದದ ದಾರದಿಂದ ಪ್ರಯೋಗಾಲಯದ ಬಾಗಿಲ ಚೌಕಟ್ಟಿಗೆ ತೂಗುಬಿಟ್ಟರಂತೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಒಂದಿದೆ. ಫೋನಿನೊಳಗೆ ಹೇಗೂ ಇರುವ ಸಂವೇದಕಗಳನ್ನೇ ಅದು ಅಳತೆಯ ಉಪಕರಣಗಳನ್ನಾಗಿ ಮಾಡುತ್ತದೆ. ಫೋನು ಲೋಲಕದಂತೆ ತೂಗಿತು, ತೂಗಾಟದ ಅವಧಿ ತಾನೇ ದಾಖಲಾಯಿತು. ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿದರೆ ಬಂದದ್ದು 9.1. ಪುಸ್ತಕದಲ್ಲಿರುವುದು 9.8. ಉಪನ್ಯಾಸಕಿ ಸರಿಯುತ್ತರ ಹೇಳದೆ, "ತಪ್ಪಿದ್ದು ಭೂಮಿಯೋ, ಫೋನೋ, ನಾವೋ?" ಎಂದು ಕೇಳಿ ಸುಮ್ಮನೆ ನಿಂತರಂತೆ. ಅರ್ಧ ಗಂಟೆ ತರಗತಿಯೆಲ್ಲ ಗದ್ದಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, ದಾರವನ್ನು ಫೋನಿನ ತುದಿಯವರೆಗೆ ಅಳೆದಿದ್ದೇವೆ, ಅದರ ನಡುಮಧ್ಯದವರೆಗೆ ಅಳೆಯಬೇಕಿತ್ತು ಎಂದನಂತೆ. ಏಳೆಂಟು ಸೆಂಟಿಮೀಟರ್ ಸೇರಿಸಿದೊಡನೆ ಲೆಕ್ಕ ಸರಿಹೋಯಿತು. ಇದನ್ನು ಹೇಳುವಾಗ ಆ ಹುಡುಗಿಯ ಮುಖದಲ್ಲಿದ್ದ ಉತ್ಸಾಹವನ್ನು ನಾವು ಸಮಾರಂಭದಲ್ಲಿ ಯಾರ ಮುಖದಲ್ಲಿಯೂ ಕಂಡಿರಲಿಲ್ಲ.

ಯಂತ್ರ ಬಂದೊಡನೆ ಬೋಧನೆ ಬದಲಾಗುವುದೆಂಬ ಭ್ರಮೆ ನಮ್ಮಲ್ಲಿ ಹಳೆಯದು. ಯು.ಜಿ.ಸಿ.ಯು 1984ರಲ್ಲಿ ದೂರದರ್ಶನದ ಮೂಲಕ ದೇಶವ್ಯಾಪಿ ತರಗತಿಯನ್ನು ಆರಂಭಿಸಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಅವು ಉಪಯುಕ್ತ ಯತ್ನಗಳೇ. ಆದರೆ ತರಗತಿಯಲ್ಲಿದ್ದ ಅಧ್ಯಾಪಕರಿಗೆ ಅಲ್ಲಿ ಪೆಟ್ಟಿಗೆಯ ಗುಂಡಿ ಒತ್ತುವ ಕೆಲಸದ ಹೊರತು ಬೇರೇನೂ ಉಳಿದಿರಲಿಲ್ಲ.

ಈ ಸಂದರ್ಭದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರ ಕಥೆ ತಿಳಿಯತಕ್ಕದ್ದು. ಒಳ್ಳೆಯ ಉಪನ್ಯಾಸಕರೆಂದು ಹೆಸರಾಗಿದ್ದ ಅವರು ಸುಮಾರು 1990ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಒಂದು ಸರಳ ಪರೀಕ್ಷೆ ಕೊಟ್ಟರು. ಭಾರವಾದ ಲಾರಿಯೂ ಹಗುರವಾದ ಕಾರೂ ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂತಹ, ಲೆಕ್ಕವಿಲ್ಲದ ಪ್ರಶ್ನೆಗಳು. ಕಠಿಣ ಲೆಕ್ಕಗಳನ್ನು ಸಲೀಸಾಗಿ ಬಿಡಿಸುತ್ತಿದ್ದವರೇ ಇಲ್ಲಿ ಎಡವಿದರು. ನೀವು ಕಲಿಸಿದಂತೆ ಬರೆಯಲೇ, ಇಲ್ಲವೆ ನನಗೆ ತೋರುವಂತೆ ಬರೆಯಲೇ ಎಂದು ವಿದ್ಯಾರ್ಥಿನಿಯೊಬ್ಬಳು ಅವರನ್ನೇ ಕೇಳಿಬಿಟ್ಟಳು. ಆ ಮಾತು ಅವರನ್ನು ಚುಚ್ಚಿತು. ಮುಂದಿನ ವರ್ಷದಿಂದ ಅವರು ಉಪನ್ಯಾಸವನ್ನು ಮೊಟಕುಗೊಳಿಸಿ ಒಂದು ಪ್ರಶ್ನೆ ಇಡುವುದು, ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಯೋಚಿಸಿ ಉತ್ತರ ಸೂಚಿಸುವುದು, ಬಳಿಕ ಪಕ್ಕದವರೊಡನೆ ವಾದಿಸಿ ಮತ್ತೊಮ್ಮೆ ಉತ್ತರಿಸುವುದು ಎಂಬ ಕ್ರಮವನ್ನು ಹಿಡಿದರು. ಕೈಯಲ್ಲಿ ಹಿಡಿದು ಒತ್ತುವ ಕ್ಲಿಕ್ಕರ್ ಎಂಬ ಸಣ್ಣ ಸಾಧನ ಇದಕ್ಕೆ ಜೊತೆಯಾಗಿ, ತರಗತಿಯ ಉತ್ತರಗಳೆಲ್ಲ ಕ್ಷಣದಲ್ಲಿ ಅಧ್ಯಾಪಕರ ಕಣ್ಣ ಮುಂದೆ ಬರುವಂತಾಯಿತು. ಕಾಲೇಜು ಬೋಧನೆಯ ಈ ಸುಧಾರಣೆಗಾಗಿ 2014ರಲ್ಲಿ ಅವರಿಗೆ 5 ಲಕ್ಷ ಡಾಲರುಗಳ ಮಿನರ್ವಾ ಪ್ರಶಸ್ತಿ ಬಂದಿತು.

ಇಲ್ಲಿಯೂ ಒಂದು ಸ್ವಾರಸ್ಯವುಂಟು. ಕ್ಲಿಕ್ಕರಿನ ಬದಲು ಎ, ಬಿ, ಸಿ, ಡಿ ಎಂದು ಬರೆದ ರಟ್ಟಿನ ಚೀಟಿಗಳನ್ನು ಎತ್ತಿ ಹಿಡಿಸಿದರೆ ಏನಾದೀತೆಂದು ಕೆನಡಾದ ಅಧ್ಯಾಪಕರೊಬ್ಬರು ಹೋಲಿಸಿ ನೋಡಿ 2008ರಲ್ಲಿ ಪ್ರಕಟಿಸಿದರು. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈಗಂತೂ ವಿದ್ಯಾರ್ಥಿಗಳ ಕೈಯಲ್ಲಿ ಬರಿಯ ಮುದ್ರಿತ ಕಾಗದವಿದ್ದರೆ ಸಾಕು. ಅಧ್ಯಾಪಕರ ಒಂದೇ ಫೋನು ಇಡೀ ತರಗತಿಯ ಉತ್ತರಗಳನ್ನು ಕ್ಯಾಮೆರಾದಿಂದ ಓದಿಕೊಳ್ಳುವ ಪ್ಲಿಕರ್ಸ್ ಎಂಬ ವ್ಯವಸ್ಥೆ ಬಂದಿದೆ. ತಾಲ್ಲೂಕು ಕೇಂದ್ರದ ಕಾಲೇಜಿಗೂ ಇದು ಎಟುಕದ ಹಣ್ಣಲ್ಲ.

ನಮ್ಮ ದೇಶದಲ್ಲಿ ಶಾಲಾ ಶಿಕ್ಷಕರಿಗೆ ರಾಷ್ಟ್ರ ಪ್ರಶಸ್ತಿ ಆರಂಭವಾದದ್ದು 1958ರಲ್ಲಿ. ಉನ್ನತ ಶಿಕ್ಷಣದ ಬೋಧಕರು ಅದರ ವ್ಯಾಪ್ತಿಗೆ ಬಂದದ್ದು 2023ರಲ್ಲಿ, ಅಂದರೆ 65 ವರ್ಷಗಳ ನಂತರ. ಆ ವರ್ಷ ಪುರಸ್ಕೃತರಾದ 75 ಮಂದಿಯಲ್ಲಿ 50 ಜನ ಶಾಲಾ ಶಿಕ್ಷಕರು, 13 ಜನ ಉನ್ನತ ಶಿಕ್ಷಣದವರು, ಉಳಿದವರು ಕೌಶಲ ತರಬೇತಿಯವರು. ಶಾಲೆಯವರಿಗೆ ಸಿಕ್ಕಿದ್ದರ ಬಗ್ಗೆ ನಮಗೆ ಕಿಂಚಿತ್ತೂ ಅಸೂಯೆಯಿಲ್ಲ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ರಣಜಿತ್‌ಸಿಂಹ ದಿಸಳೆ ಅವರು, ಮಕ್ಕಳ ಮನೆಮಾತು ಕನ್ನಡವಾಗಿರುವುದನ್ನೂ ಪಠ್ಯದ ಭಾಷೆ ಅವರಿಗೆ ತೊಡಕಾಗಿರುವುದನ್ನೂ ಕಂಡು ತಾವೇ ಕನ್ನಡ ಕಲಿತರು. ಪಠ್ಯಪುಸ್ತಕಗಳಿಗೆ ಕ್ಯೂಆರ್ ಸಂಕೇತಗಳನ್ನು ಜೋಡಿಸಿ, ಹಾಡು, ಕಥೆ, ಪಾಠಗಳು ಫೋನಿನಲ್ಲಿ ಕೇಳುವಂತೆ ಮಾಡಿದರು. 2020ರಲ್ಲಿ 10 ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಾಗ ಅದರ ಅರ್ಧವನ್ನು ಅಂತಿಮ ಸುತ್ತಿನ ಇತರ ಒಂಬತ್ತು ಶಿಕ್ಷಕರಿಗೆ ಹಂಚುವುದಾಗಿ ಸಾರಿದರು. ಕ್ಯೂಆರ್ ಸಂಕೇತ ಎಲ್ಲರಿಗೂ ಲಭ್ಯವಿತ್ತು. ಕನ್ನಡ ಕಲಿಯುವ ತೊಂದರೆಯನ್ನು ತೆಗೆದುಕೊಂಡವರು ಅವರು.

ಕಾಲೇಜಿನಲ್ಲಿ ಇಂಥ ಶ್ರಮಕ್ಕೆ ದೊರೆಯುವ ಬೆಲೆ ಎಷ್ಟು? ಯು.ಜಿ.ಸಿ.ಯ 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ಹೊಸ ಬೋಧನಾ ವಿಧಾನವನ್ನು ರೂಪಿಸಿದವರಿಗೆ 5 ಅಂಕ. ಭಾಷೆ, ಮಾನವಿಕ ವಿಷಯಗಳಲ್ಲಿ ಒಂದು ಸಂಶೋಧನಾ ಲೇಖನ ಅಚ್ಚಾದರೆ 10 ಅಂಕ. ಹೀಗಿರುವಾಗ ಬಡ್ತಿಯನ್ನು ನಿರೀಕ್ಷಿಸುವ ಅಧ್ಯಾಪಕರು ಬಾಗಿಲಿಗೆ ಫೋನು ಕಟ್ಟುವ ಬದಲು ಲೇಖನ ಬರೆಯಲು ಕೂತರೆ ಅವರನ್ನು ದೂರುವುದು ನ್ಯಾಯವಲ್ಲ. ಅತಿಥಿ ಉಪನ್ಯಾಸಕರ ಪಾಡಂತೂ ಹೇಳತೀರದು. ತರಗತಿಗಳ ದೊಡ್ಡ ಹೊರೆಯನ್ನು ಹೊತ್ತಿರುವ ಅವರ ಹೆಸರು ಸನ್ಮಾನದ ಪಟ್ಟಿಗೆ ಬರುವುದೇ ಅಪರೂಪ. ಮೇಲೆ ಹೇಳಿದ ಉಪನ್ಯಾಸಕಿಯ ಈ ವರ್ಷದ ಮುಂದುವರಿಕೆಯ ಆದೇಶ, ನಾವು ಇದನ್ನು ಬರೆಯುವ ಹೊತ್ತಿಗೂ ಅವರ ಕೈ ಸೇರಿಲ್ಲ.

ವಿದ್ಯಾಸಂಸ್ಥೆಗಳನ್ನು ನಡೆಸುವ ಹಿರಿಯರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರಲ್ಲಿ ನಮ್ಮದೊಂದು ಅರಿಕೆ. ಈ ಸಲ ಶಾಲು ಖರೀದಿಸುವ ಮುನ್ನ ಅಧ್ಯಾಪಕರ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕುಳಿತು ಬನ್ನಿ. ಎಷ್ಟು ಕಂಪ್ಯೂಟರ್ ಕೊಂಡೆವೆಂಬ ಲೆಕ್ಕವನ್ನು ಬದಿಗಿಟ್ಟು, ವಿದ್ಯಾರ್ಥಿಗಳು ಎಷ್ಟು ಪ್ರಶ್ನೆ ಕೇಳಿದರೆಂದು ಎಣಿಸಿರಿ. ಆಯ್ಕೆ ಸಮಿತಿಯಲ್ಲಿ ಹಳೆಯ ವಿದ್ಯಾರ್ಥಿಗಳಿಬ್ಬರಾದರೂ ಇರಲಿ. ಹಣ ಮಿಕ್ಕರೆ ಹಣ್ಣಿನ ಬುಟ್ಟಿಯ ಬದಲು ಅವರ ಪ್ರಯೋಗಾಲಯಕ್ಕೆ ಬೇಕಾದ ಸಾಮಗ್ರಿಯನ್ನು ಕೊಡಿಸಿರಿ.

ತಾಯಂದಿರು, ತಂದೆಯಂದಿರು ಹಾಗೂ ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳು ತಾವು ಬಲ್ಲ ಇಂಥ ಅಧ್ಯಾಪಕರ ಒಂದು ಪಾಠದ ವಿವರವನ್ನು ನಮಗೆ ಬರೆದು ಕಳಿಸಬಹುದು. ಪದವಿ, ಬಿರುದುಗಳ ಪಟ್ಟಿ ಬೇಡ. ಆ ದಿನ ತರಗತಿಯಲ್ಲಿ ನಡೆದದ್ದೇನು ಎಂಬುದಷ್ಟೇ ಇರಲಿ. ಎರಡು ಪುಟ ಮೀರದಿರಲಿ.