ಕೈಗೆ ಸಿಕ್ಕ ಕಳ್ಳ

ವಾರಪತ್ರಿಕೆಯ ಧಾರಾವಾಹಿಯಲ್ಲಿ ಖಳನಾಯಕನು ಸುಲಭವಾಗಿ ಸೆರೆ ಸಿಕ್ಕುವುದಿಲ್ಲವೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಪೊಲೀಸರು ಮನೆಯನ್ನು ಸುತ್ತುವರಿದ ವಾರವೇ ಹಿತ್ತಲ ಬಾಗಿಲು ತೆರೆದಿರುತ್ತದೆ. ಮುಂದಿನ ಸಂಚಿಕೆಗೆ ಅವನು ಬೇಕು! ವಾಚಕರು ಗೊಣಗುತ್ತಾರೆ, ಸಂಪಾದಕರಿಗೆ ಕಾಗದ ಬರೆಯುತ್ತಾರೆ, ಮರುವಾರ ತಪ್ಪದೆ ಪತ್ರಿಕೆಯನ್ನು ಕೊಳ್ಳುತ್ತಾರೆ. ಕಳ್ಳನನ್ನು ಹಿಡಿಯುವ ಹೊಣೆ ತಮ್ಮದಲ್ಲವಾದ್ದರಿಂದ ಅವರ ಕೋಪಕ್ಕೆ ಒಂದು ಮಿತಿಯಿದೆ. ಆ ಹೊಣೆ ವಾಚಕರದೇ ಆಗಿದ್ದರೆ ಏನಾದೀತೆಂಬುದನ್ನು ಕಳೆದ ತಿಂಗಳು ನಾನು ನಮ್ಮ ನಡುಮನೆಯಲ್ಲೇ ಕಂಡೆ.

ನನ್ನ ಮಗಳ ಮಗನಿಗೆ ಈಗ 17 ವರ್ಷ. ಅವನೂ ಅವನ 12 ಮಂದಿ ಸ್ನೇಹಿತರೂ ಕಂಪ್ಯೂಟರಿನಲ್ಲಿ ಒಂದು ಆಟವನ್ನಾಡುತ್ತಾರೆ. ಒಬ್ಬ ವೈದ್ಯ, ಒಬ್ಬ ಬೇಟೆಗಾರ, ಒಬ್ಬಳು ಕಮ್ಮಾರಿತಿ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ತಂತಮ್ಮ ಮನೆಗಳಲ್ಲಿ ಕುಳಿತೇ ಎಲ್ಲರೂ ಒಂದೇ ಊರಿನಲ್ಲಿ ಬಾಳುತ್ತಾರೆ. ಆ ಊರನ್ನು ಹೊತ್ತಿರುವ ಯಂತ್ರಕ್ಕೆ ಸರ್ವರು ಎಂದು ಹೆಸರು. ಅದರ ಯಜಮಾನಿಕೆ ನಮ್ಮ ಹುಡುಗನದು. ಶನಿವಾರ ರಾತ್ರಿ ಎಲ್ಲರೂ ಕೂಡಿ ಹೊರಡುವ ಸಾಹಸಯಾತ್ರೆಯ ಕಥೆಯನ್ನು ಹೆಣೆಯುವವನೂ ಅವನೇ. ಯಾತ್ರೆ ಮುಗಿದ ಮೇಲೆ ಆಡಿದವರ ಅಭಿಪ್ರಾಯವನ್ನು ಬರೆಸಿಕೊಳ್ಳುವ ಒಳ್ಳೆಯ ಪದ್ಧತಿಯನ್ನೂ ಇಟ್ಟುಕೊಂಡಿದ್ದಾನೆ.

ಆ ಭಾನುವಾರ ಬೆಳಿಗ್ಗೆ ಕಾಫಿ ಆರಿ ತಣ್ಣಗಾದರೂ ಅವನು ಲೋಟವನ್ನು ಮುಟ್ಟಿರಲಿಲ್ಲ.

"ನೋಡಿ ತಾತ, ಮೂರು ವಾರ ಕೂತು ಬರೆದ ಕಥೆ. ಎಲ್ಲರೂ ಬೈದಿದ್ದಾರೆ" ಎಂದ.

ಎಲ್ಲರೂ ಬೈದಿರಲಿಲ್ಲ. ಒಂಬತ್ತು ಮಂದಿ ಉತ್ತರ ಬರೆದಿದ್ದರು. ಅವರಲ್ಲಿ ನಾಲ್ವರು "ಚೆನ್ನಾಗಿತ್ತು" ಎಂದು ಬರೆದು ಕೈ ತೊಳೆದುಕೊಂಡಿದ್ದರು. ಮದುವೆ ಮನೆಯಲ್ಲಿ ಊಟ ಹೇಗಿತ್ತೆಂದು ಕೇಳಿದರೆ ನಾವು ಹೇಳುವುದಿಲ್ಲವೆ, ಹಾಗೆ. ಉಳಿದ ಐವರ ಸಿಟ್ಟಿಗೆ ಕಾರಣ ಒಂದೇ. ದರೋಡೆಗಾರರ ನಾಯಕನನ್ನು ಅವರು ಗುಹೆಯೊಳಕ್ಕೆ ಅಟ್ಟಿದ್ದರು. ಕಮ್ಮಾರಿತಿಯ ಪಾತ್ರದ ಹುಡುಗಿ ತನ್ನ ಸ್ವಂತ ಯೋಚನೆಯಿಂದ ಗುಹೆಯ ಬಾಯಿಗೆ ಕಬ್ಬಿಣದ ಜಾಲರಿಯೊಂದನ್ನು ಇಳಿಬಿಟ್ಟಿದ್ದಳು. ಕಥೆ ಬರೆದವನಿಗೆ ಅದು ಹೊಳೆದೇ ಇರಲಿಲ್ಲ. ಜಾಲರಿ ಬಿದ್ದ ಕ್ಷಣದಲ್ಲಿ ದರೋಡೆಗಾರನು ಹೊಗೆಯಾಗಿ ಕರಗಿಹೋದನು.

"ಅವನು ಇನ್ನೂ ನಾಲ್ಕು ವಾರಕ್ಕೆ ಬೇಕಾಗಿತ್ತು ತಾತ" ಎಂದ ಹುಡುಗ, ತಗ್ಗಿದ ದನಿಯಲ್ಲಿ.

ಹುಡುಗಿ ಬರೆದದ್ದು ಎರಡೇ ಮಾತು: "ನಾವು ಹಿಡಿದೆವು. ನೀನು ಬಿಡಿಸಿಕೊಂಡು ಹೋದೆ."

ಈ ದೂರು ಹೊಸದಲ್ಲ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಅದನ್ನು ಮೇಜಿನ ಸುತ್ತ ಕುಳಿತು ಆಡಬೇಕು. ಒಬ್ಬನು ಕಥೆಯನ್ನು ನಡೆಸಬೇಕು, ಉಳಿದವರು ಪಾತ್ರ ವಹಿಸಬೇಕು. ಅಲ್ಲಿ ಯಾರ ಅಭಿಪ್ರಾಯವನ್ನೂ ಬರೆಸಿಕೊಳ್ಳುವ ಅಗತ್ಯವಿರಲಿಲ್ಲ. ಎದುರಿಗಿದ್ದವನು ಆಕಳಿಸಿದರೆ ಸಾಕು, ಗೊತ್ತಾಗುತ್ತಿತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಕೇವಲ ಅಕ್ಷರಗಳಿಂದಲೇ ಒಂದು ಲೋಕವನ್ನು ಕಂಪ್ಯೂಟರಿನೊಳಗೆ ಕಟ್ಟತೊಡಗಿದನು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ಅನೇಕರು ಒಟ್ಟಿಗೆ ಅದರಲ್ಲಿ ಓಡಾಡಬಹುದಾಗಿತ್ತು. ಆದರೆ ಯಾರ ಮುಖವೂ ಯಾರಿಗೂ ಕಾಣದು. ಕೇಳಿ ತಿಳಿಯಬೇಕಾದ ಕಷ್ಟ ಅಂದಿನಿಂದ ಪ್ರಾರಂಭವಾಯಿತು.

ಮುಂದೆ ಇಂತಹದೇ ಒಂದು ಆಟದ ಹಿರಿಯ ಆಟಗಾರರಲ್ಲಿ, ಜನಕ್ಕೆ ಇದರಿಂದ ಬೇಕಾದುದೇನು ಎಂಬ ಬಗ್ಗೆ 1989ರ ನವೆಂಬರಿನಿಂದ 1990ರ ಮೇ ತಿಂಗಳವರೆಗೆ ದೊಡ್ಡ ಜಗಳವೇ ನಡೆಯಿತು. ನೂರಾರು ಓಲೆಗಳು ಹರಿದಾಡಿದುವು. ಬಾರ್ಟಲ್ ಅವನ್ನೆಲ್ಲ ಸೋಸಿ ನೋಡಿ 1996ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಆಟಗಾರರಲ್ಲಿ ನಾಲ್ಕು ಪಂಗಡ: ಗೆದ್ದು ಗಳಿಸುವವರು, ಮೂಲೆಮೂಲೆ ಹುಡುಕುವವರು, ಹರಟೆಗೆ ಬರುವವರು, ಇತರರನ್ನು ಕಾಡಿ ಸುಖಪಡುವವರು. ಇಸ್ಪೀಟಿನ ನಾಲ್ಕು ರಂಗುಗಳಿಗೆ ಅವರನ್ನು ಹೋಲಿಸಿದ್ದಾನೆ. ನಮ್ಮ ಬಂಧುಬಳಗವನ್ನೂ ಹೀಗೆಯೇ ವಿಂಗಡಿಸಬಹುದೆಂದು ನನಗೆ ತೋರುತ್ತದೆ. ಹೆಸರು ಹೇಳುವುದು ಬೇಡ. ಒಂದು ಮಾತು ಮಾತ್ರ ಗಮನಿಸತಕ್ಕದ್ದು. ಆ ಚರ್ಚೆಯಲ್ಲಿ ಪಾಲುಗೊಂಡವರು ಸುಮಾರು 30 ಮಂದಿ, ಎಲ್ಲರೂ ಆಟದಲ್ಲಿ ನುರಿತು ಮೇಲೇರಿದವರು. ಮೊದಲ ವಾರವೇ ಬೇಸತ್ತು ಎದ್ದುಹೋದವರ ಓಲೆ ಅದರಲ್ಲಿರಲಿಲ್ಲ.

ಇನ್ನು ನಮ್ಮ ಕಮ್ಮಾರಿತಿಯ ದೂರಿಗೆ ಅಣ್ಣನಂತಿರುವ ಪ್ರಸಂಗವನ್ನು ಹೇಳುತ್ತೇನೆ. 1999ರಲ್ಲಿ ಅಮೆರಿಕದಲ್ಲಿ ಹೊರಬಂದ 'ಎವರ್‌ಕ್ವೆಸ್ಟ್' ಎಂಬ ಆಟದಲ್ಲಿ ಕೆರಾಫಿರ್ಮ್ ಎಂಬ ಡ್ರ್ಯಾಗನ್ ಇದೆ; ರೆಕ್ಕೆಯುಳ್ಳ ಮಹಾಸರ್ಪವೆಂದುಕೊಳ್ಳಿ. ನಾಲ್ಕು ಕಾವಲು ಡ್ರ್ಯಾಗನ್‌ಗಳನ್ನು ಕೊಂದರೆ ಅದು ಎಚ್ಚರಗೊಳ್ಳುತ್ತದೆ, ಸಿಕ್ಕಸಿಕ್ಕವರನ್ನು ಕೊಲ್ಲುತ್ತದೆ. ಒಂದು ಸರ್ವರಿನಲ್ಲಿ ಅದು ಏಳುವುದು ಒಮ್ಮೆ ಮಾತ್ರ. ಅದು ಸಾಯಲೆಂದು ನಿರ್ಮಿತವಾದುದೇ ಅಲ್ಲ. ಆದರೂ 2003ರ ನವೆಂಬರಿನಲ್ಲಿ ರಾಲೋಸ್ ಜೆಕ್ ಎಂಬ ಸರ್ವರಿನಲ್ಲಿ, ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದ ಮೂರು ತಂಡಗಳು ಹಗೆಯನ್ನು ಮರೆತು ಒಂದಾದುವು. 180ಕ್ಕೂ ಹೆಚ್ಚು ಮಂದಿ ಕಲೆತರು. ಡ್ರ್ಯಾಗನ್ ಕೊಂದಂತೆಲ್ಲ, ಪುರೋಹಿತರ ಪಾತ್ರದವರು ಸತ್ತವರನ್ನು ಮತ್ತೆ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಗಂಟೆಗಳು ಉರುಳಿದುವು. ಡ್ರ್ಯಾಗನ್ನಿನ ಜೀವ ಕಾಲುಭಾಗದ ಸಮೀಪಕ್ಕೆ ಇಳಿದಿತ್ತು. ಆಗ ಅದು ಮಾಯವಾಯಿತು! ಆಟವನ್ನು ನಡೆಸುತ್ತಿದ್ದ ಸೋನಿ ಸಂಸ್ಥೆಯವರೇ ಅದನ್ನು ತೆಗೆದುಬಿಟ್ಟಿದ್ದರು.

ಸೋತಿದ್ದರೆ ಅವರು ಮನೆಗೆ ಹೋಗಿ ಮಲಗುತ್ತಿದ್ದರು. ಈಗ ಮಾತ್ರ ದೂರಿನ ಮಳೆಯೇ ಸುರಿಯಿತು. ಸಂಸ್ಥೆ ಕ್ಷಮೆ ಬೇಡಿ, ಎರಡು ದಿನಗಳಲ್ಲೇ ಮತ್ತೊಂದು ಅವಕಾಶವನ್ನು ಕೊಟ್ಟಿತು. ಸುಮಾರು ಮೂರು ಗಂಟೆಗಳ ಹೋರಾಟದ ನಂತರ ಕೆರಾಫಿರ್ಮ್ ನೆಲಕ್ಕುರುಳಿತು. ಯಾರೂ ಕೊಲ್ಲಲಾರರೆಂದಿದ್ದ ಪ್ರಾಣಿಗೆ ಯಾವ ನಿಧಿಯನ್ನೂ ಇಟ್ಟಿರಲಿಲ್ಲ. ಕೊಂದವರಿಗೆ ಒಂದು ಬಿಡಿಗಾಸೂ ದೊರೆಯಲಿಲ್ಲ. ಅದಕ್ಕಾಗಿ ಅವರು ದುಃಖಿಸಿದಂತೆಯೂ ಕಾಣೆ.

ಆಟಗಾರರನ್ನು ಮೊದಲೇ ಕೇಳಿಬಿಡುವವರೂ ಇದ್ದಾರೆ. 2013ರಲ್ಲಿ ಪ್ರಾರಂಭವಾದ 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಎಂಬ ಆಟದಲ್ಲಿ ಹೊಸ ಸಾಹಸವನ್ನು ಸೇರಿಸಬೇಕಾದರೆ ಮತ ಹಾಕಿಸುತ್ತಾರೆ. ಮೊದಲು ನೂರಕ್ಕೆ 75 ಮತ ಬೇಕಾಗಿತ್ತು. 2022ರಲ್ಲಿ ಅದನ್ನು 70ಕ್ಕೆ ಇಳಿಸಿದರು. ಏರ್ಪಾಡೇನೋ ಸೊಗಸಾದುದು. ಆದರೆ ಗುಹೆಯ ಮುಂದೆ ಜಾಲರಿ ಬಿದ್ದ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ಯಾವ ಮತಪೆಟ್ಟಿಗೆಯೂ ಹೇಳಲಾರದು.

ಡ್ರ್ಯಾಗನ್ನಿನ ಕಥೆಯನ್ನು ಹುಡುಗನಿಗೆ ಹೇಳಿದೆ. ಅವನಿಗಿಂತ ಮೊದಲು ಅಡುಗೆಮನೆಯಿಂದ ಅವನ ಅಜ್ಜಿ ತೀರ್ಪು ಕೊಟ್ಟಳು: "ಕಥೆ ಪೂರ್ತಿ ನಿನ್ನದೇ ಆದರೆ ನೀನೊಬ್ಬನೇ ಓದಿಕೋ. ಅಷ್ಟು ಜನರನ್ನ ರಾತ್ರಿಯೆಲ್ಲ ಯಾಕೆ ನಿದ್ದೆ ಕೆಡಿಸ್ತೀಯಪ್ಪ?"

ಮರುಶನಿವಾರ ಅವನು ಎಲ್ಲರನ್ನೂ ಅದೇ ಗುಹೆಯ ಮುಂದೆ, ಜಾಲರಿ ಬಿದ್ದ ಗಳಿಗೆಯಲ್ಲೇ ನಿಲ್ಲಿಸಿದನು. ಹತ್ತು ನಿಮಿಷದಲ್ಲಿ ದರೋಡೆಗಾರ ಸೆರೆಯಾದ. ನಾಲ್ಕು ವಾರಗಳ ಕಥೆ ನೀರಿನಲ್ಲಿ ಹೋಮವಾಯಿತು. ಆ ಮೇಲೆ ಸೆರೆಯಾಳನ್ನು ಏನು ಮಾಡಬೇಕೆಂಬ ವಾದ ಮೊದಲಾಯಿತು. ವೈದ್ಯನು ಗಲ್ಲಿಗೇರಿಸಬೇಕೆಂದ, ಕಮ್ಮಾರಿತಿ ತನ್ನ ಕುಲುಮೆಯಲ್ಲಿ ತಿದಿಯೊತ್ತುವ ಕೆಲಸಕ್ಕೆ ಕೊಡಿರೆಂದಳು. ಹನ್ನೊಂದೂವರೆಗೆ ನಾನೇ ಹೋಗಿ ದೀಪ ಆರಿಸಬೇಕಾಯಿತು.

"ಎಲ್ಲರೂ ಬಂದಿದ್ದರೇನೋ?" ಎಂದು ಕೇಳಿದೆ.

"ಒಬ್ಬ ಬರಲಿಲ್ಲ ತಾತ. ಉತ್ತರ ಬರೆಯದೆ ಇದ್ದ ಮೂವರಲ್ಲಿ ಒಬ್ಬ."

"ಹೋದ ಸಲ ಅವನೇನು ಮಾಡುತ್ತಿದ್ದ?"

ಹುಡುಗ ಬಹಳ ಹೊತ್ತು ಯೋಚಿಸಿದ.

"ಗುಹೆಯ ಹೊರಗೆ ದೀವಟಿಗೆ ಹಿಡಿದುಕೊಂಡು ನಿಂತಿದ್ದ" ಎಂದ. "ಎರಡು ಗಂಟೆ. ಒಳಗೆ ಕರೆಯೋದನ್ನ ನಾನೇ ಮರೆತಿದ್ದೆ."

ಆಮೇಲೆ ಹೊತ್ತು ಮೀರಿದ್ದನ್ನೂ ಲೆಕ್ಕಿಸದೆ ಫೋನನ್ನು ಎತ್ತಿಕೊಂಡು ವರಾಂಡಕ್ಕೆ ಹೋದ.